ರೇವಣಪ್ಪ ಜಾರಿ ಮಾಡಿದ ನೋಟೀಸು

"ಇಪ್ಪತ್ತೆರಡು ವರ್ಷ ಮಂದಿ ಬಾಗಲಕ್ಕ ನೋಟೀಸ ಹಚ್ಚೀನಿ. ನನ್ನ ಬಾಗಲಕ್ಕ ನೋಟೀಸ ಹಚ್ಚೂ ಗಂಡಸು ಇನ್ನೂ ಹುಟ್ಟಿಲ್ಲ!"

ಇಂಡಿ ಕೋರ್ಟಿನಲ್ಲಿ ನೋಟೀಸು ಜಾರಿ ಮಾಡುವ ಬೇಲೀಫ ರೇವಣಪ್ಪ ಈ ಮಾತನ್ನು ದಿನಕ್ಕೆ ಎರಡು ಸಲ ಹೇಳುತ್ತಿದ್ದ. ಚಹಾದಂಗಡಿಯಲ್ಲಿ ಒಮ್ಮೆ, ಮನೆಯಲ್ಲಿ ಒಮ್ಮೆ. ನೋಟೀಸು ತೆಗೆದುಕೊಳ್ಳಲು ಯಾರೂ ಮುಂದೆ ಬರದಿದ್ದರೆ ಬಾಗಿಲಿಗೆ ಅಂಟಿಸಿ ಬರಬೇಕು ಎಂಬ ಕಾಯ್ದೆಯನ್ನು ಹೆಂಡತಿ ಕಸ್ತೂರೆವ್ವನಿಗೆ ಬಾಯಿಪಾಠ ಮಾಡಿಸಿದ್ದ.

೧೯೭೪ರ ಬೇಸಿಗೆಯಲ್ಲಿ ಜಪ್ತಿ ಸಾಮಾನಿನ ಹರಾಜು ನಡೆಯಿತು. ಒಂದು ಟ್ರಂಕು ಕೊಂಡವನು, ಅದರೊಳಗಿದ್ದ ಗಾಲ್ಫ್ ಕೋಲು ಮತ್ತು ಮೂರು ಚೆಂಡು ತನಗೆ ಬೇಡವೆಂದು ರೇವಣಪ್ಪನ ಕೈಗಿಟ್ಟು ಹೋದ.

"ದೊಡ್ಡ ಸಾಹೇಬರ ಆಟ! ಕಾಯ್ದೆ ತಿಳಿದವರ ಕೈಯಾಗಷ್ಟ ಇದು ಶೋಭಾ!"

"ಹುಣಸಿಹಣ್ಣ ಉದರಸಾಕ ಚಲೋ ಐತ್ರಿ" ಎಂದಳು ಕಸ್ತೂರೆವ್ವ.

ಭಾನುವಾರ ಮುಂಜಾನೆ ರೇವಣಪ್ಪ ಮನೆಯ ಹಿಂದಿನ ಬಯಲಿನಲ್ಲಿ ಕಾಲು ಅಗಲಿಸಿ ನಿಂತ. ಮೊದಲೆರಡು ಚೆಂಡುಗಳನ್ನು ಎರೆಮಣ್ಣಿನ ಬಿರುಕುಗಳು ನುಂಗಿದವು. ಮೂರನೆಯದು ಮಾತ್ರ ನಿಜವಾದ ಸಾಹೇಬನ ಚೆಂಡಿನಂತೆ ಹಾರಿತು. ಹಾರಿ, ಪಕ್ಕದ ಮನೆಯ ಜೋಹರಾಬಿಯ ತೆರೆದ ಹಿತ್ತಲ ಬಾಗಿಲೊಳಗೆ ನುಗ್ಗಿ, ಗೋಡೆಯ ಮೇಲಿನ ಫೋಟೊಕ್ಕೆ ಬಡಿಯಿತು. ತೀರಿಹೋದ ಗಂಡ ರಸೂಲಸಾಬನ ಫೋಟೊ ಅದು. ಆಕೆಯ ಬಳಿ ಇದ್ದದ್ದು ಅದೊಂದೇ. ಒಡೆದ ಗಾಜು ಅವನ ಎಡಗಣ್ಣನ್ನು ಕೊಯ್ದುಹಾಕಿತ್ತು.

ಎರಡು ಮನೆಗೂ ಒಂದೇ ಗೋಡೆ. ಸೊಲ್ಲಾಪುರದ ಗಿರಣಿಯಲ್ಲಿದ್ದ ಮಗ ಬರೆಯುವ ಪತ್ರಗಳನ್ನು ಅಕ್ಷರ ಬಾರದ ಜೋಹರಾಬಿಗೆ ಓದಿ ಹೇಳುತ್ತಿದ್ದವನು ಈ ರೇವಣಪ್ಪನೇ. ಆಕೆ ನಾಲ್ಕು ಮಾತು ಬೈದಿದ್ದರೆ ಅವನು ತಪ್ಪಾಯಿತೆನ್ನುತ್ತಿದ್ದನೇನೋ. ಆಕೆ ಬೈಯಲಿಲ್ಲ. ಚೆಂಡನ್ನು ತೊಳೆದು ತಂದು, ಅವನ ಕಟ್ಟೆಯ ಮೇಲಿಟ್ಟು ಹೋದಳು.

"ಸುಮ್ಮನದಾಳ ಅಂದ್ರ ದಾವಾ ಹಾಕ್ತಾಳ" ಎಂದ ರೇವಣಪ್ಪ.

"ಹೋಗಿ ತಪ್ಪಾತು ಅನ್ರಿ. ನಾಳಿಗೆ ಆಕಿ ಮುಖಾ ಹೆಂಗ ನೋಡೂದು?"

"ಹುಚ್ಚಿ! ತಪ್ಪಾತು ಅಂದ್ರ ಕೇಸು ಅಲ್ಲೇ ಸೋತಂಗ!"

ಅವನು ಹಾಳೆಯ ಕೆಳಗೆ ಕಾರ್ಬನ್ ಇಟ್ಟು ಬರೆಯತೊಡಗಿದ. ಒಂದು: ಸದರಿ ಚೆಂಡು ನನ್ನದಲ್ಲ. ಎರಡು: ನನ್ನದೇ ಆಗಿದ್ದರೂ ಗಾಳಿ ಒಯ್ದದ್ದು. ಮೂರು: ಗಾಳಿಯೇ ಒಯ್ದಿದ್ದರೂ ಬಾಗಿಲು ತೆರೆದಿಟ್ಟದ್ದು ನಿಮ್ಮ ನಿಷ್ಕಾಳಜಿ. ನಾಲ್ಕು: ಸತ್ತವರ ಫೋಟೊಕ್ಕೆ ಪೇಟೆಯಲ್ಲಿ ಯಾವ ಬೆಲೆಯೂ ಇಲ್ಲದ್ದರಿಂದ ನಿಮಗೆ ನಷ್ಟವೇ ಆಗಿಲ್ಲ.

ನಾಲ್ಕನೆಯದನ್ನು ಅವನು ಎರಡು ಸಲ ಓದಿ ಮೆಚ್ಚಿಕೊಂಡ. ಇಡೀ ತಾಲೂಕಿನಲ್ಲಿ ಅಂಥ ಚೆಂಡು ಬೇರೆ ಯಾರ ಹತ್ತಿರವೂ ಇಲ್ಲ ಎಂಬುದು ಹೊಳೆಯಲಿಲ್ಲ. ಜಳಕ ಮಾಡಿ, ಖಾಕಿ ಕೋಟು ತೊಟ್ಟು, ಜೋಹರಾಬಿಯ ಮನೆಗೆ ಹೋಗಿ ಕಾಗದ ಚಾಚಿದ.

"ನೋಟೀಸು. ಹೆಬ್ಬಟ್ಟು ಒತ್ತಬೇಕು."

"ಕೂಡು ತಮ್ಮಾ" ಎಂದು ಜೋಹರಾಬಿ ಚಾಪೆ ಹಾಸಿದಳು. "ಓದಿ ಹೇಳು."

ರೇವಣಪ್ಪ ಚಾಪೆಯ ಮೇಲೆ ಕೂತು ಕಾಗದ ಬಿಚ್ಚಿದ. ಎದುರಿಗೆ ಗೋಡೆಯ ಮೇಲಿಂದ ರಸೂಲಸಾಬ ಒಂದೇ ಕಣ್ಣಿನಿಂದ ನೋಡುತ್ತಿದ್ದ. ರೇವಣಪ್ಪ ಕಣ್ಣು ತಗ್ಗಿಸಿ ಓದತೊಡಗಿದ.

"ಒಂದು... ಸದರಿ ಚೆಂಡು ನನ್ನದು. ಎರಡು... ಗಾಳಿ ಇರಲಿಲ್ಲ. ಹೊಡೆದವನು ನಾನು. ಮೂರು... ಬಾಗಿಲು ತೆರೆದಿಡುವುದು ನಿಮ್ಮ ಹಕ್ಕು. ಹೊಣೆ ಪೂರಾ ನನ್ನದು. ಗಾಜು ಹಾಕಿಸಿಕೊಡುತ್ತೇನೆ." ಗಡಿಬಿಡಿಯಿಂದ ಕಾಗದ ಮಡಚಿದ. "ಇಷ್ಟ ಐತಿ ಅಕ್ಕಾ."

"ನಾಕನೇದು?"

"ಏನು?"

"ನಾಕನೇದು ಓದಲಿಲ್ಲಲ್ಲ ತಮ್ಮಾ."

ರೇವಣಪ್ಪನಿಗೆ ಮನೆ ನೆನಪಾಯಿತು. ಕಸ್ತೂರೆವ್ವ ಶಾಲೆಯಲ್ಲಿ ನಾಲ್ಕನೆಯ ಇಯತ್ತೆ ಕಲಿತು ಓದಬಲ್ಲವಳು. ಕಾರ್ಬನ್ ಪ್ರತಿ ಹಾಸಿಗೆಯ ಮೇಲೆಯೇ ಉಳಿದಿತ್ತು.

"ನೀ ಜಳಕಾ ಮಾಡೂವಾಗ ಕಸ್ತೂರಿ ಬಂದು ಓದಿ ಹೇಳಿ, ಅತ್ತು ಹೋದಳು. ನೀ ಓದಿದ್ದ ಚಲೋ ಇತ್ತು ಬಿಡು." ಜೋಹರಾಬಿ ಫೋಟೊದ ಕಡೆ ನೋಡಿದಳು. "ಗಾಜ ಹಾಕಸ್ತಿ. ಕಣ್ಣು?"

ರೇವಣಪ್ಪ ಫೋಟೊವನ್ನು ಕೆಳಗಿಳಿಸಿ, ಉಳಿದ ಚೂರುಗಳನ್ನು ಒಂದೊಂದಾಗಿ ಆರಿಸಿದ. ಚೌಕಟ್ಟನ್ನು ಎದೆಗವಚಿಕೊಂಡು ಹೊರಬಿದ್ದ. ಜೋಹರಾಬಿ ಬಾಗಿಲವರೆಗೂ ಬಂದಳು.

ಅವನ ಮನೆಯ ಬಾಗಿಲು ಒಳಗಿನಿಂದ ಹಾಕಿತ್ತು. ಅದರ ಮೇಲೆ ಆ ಕಾರ್ಬನ್ ಪ್ರತಿ, ಜೋಳದ ಹಿಟ್ಟಿನ ಅಂಟು ಇನ್ನೂ ಹಸಿಯಾಗಿತ್ತು. ನಾಲ್ಕೂ ಕಲಮುಗಳು, ಅವನದೇ ದುಂಡಗಿನ ಅಕ್ಷರ, ಓಣಿಗೆಲ್ಲ ಕಾಣುವಂತೆ!

"ಏ ಕಸ್ತೂರಿ! ಬಾಗಲಾ ತಗಿ! ಏನಿದು?"

ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು.

"ನಿಮ್ಮ ಹೆಸರಿನ ಕಾಗದಾರಿ. ತೊಗೊಳ್ಳಾಕ ನೀವು ಮನ್ಯಾಗ ಇರಲಿಲ್ಲ. ಅದಕ್ಕ ಕಾಯ್ದೆ ಪ್ರಕಾರ ಹಚ್ಚೀನಿ."

ಸಪ್ಪಳ ಮತ್ತೆ ಸುರುವಾಯಿತು.