ಟಣ್ಣಪ್ಪನವರು ತಪ್ಪು ಹುಡುಕದ ಭಾನುವಾರ

"ಇವತ್ತು ಒಂದೇ ಒಂದು ತಪ್ಪು ಹುಡುಕಲ್ಲ! ಬೇಕಾದ್ರೆ ಬರೆದಿಟ್ಕೋ!"

ಭಾನುವಾರ ಮಧ್ಯಾಹ್ನ ಮೂರೂವರೆ ಗಂಟೆಗೆ, ಅರ್ಧ ಮುಖಕ್ಕೆ ಸೋಪಿನ ನೊರೆ ಬಳಿದುಕೊಂಡು, ರೇಜರನ್ನು ಕತ್ತಿಯ ಹಾಗೆ ಎತ್ತಿ ಹಿಡಿದು ಟಣ್ಣಪ್ಪನವರು ಈ ಭೀಷ್ಮಪ್ರತಿಜ್ಞೆ ಮಾಡಿದರು. ಹೆಂಡತಿ ಸೋಫಾದ ದಿಂಬು ಕೊಡವುತ್ತಿದ್ದವರು ಕೊಡವುತ್ತಲೇ ಇದ್ದರು.

"ರೀ, ಮೊದಲು ಗಡ್ಡ ಮುಗಿಸಿ. ಬಲಗೆನ್ನೆ ಹಾಗೇ ಉಳಿದಿದೆ."

"ನೋಡಿದ್ಯಾ? ಈಗ ತಪ್ಪು ಹುಡುಕಿದ್ದು ಯಾರು?"

ಟಣ್ಣಪ್ಪ ಅನ್ನೋದು ಹೆತ್ತವರು ಇಟ್ಟ ಹೆಸರಲ್ಲ, ಪಿಂಗಾಣಿ ಕಾರ್ಖಾನೆಯವರು ಇಟ್ಟ ಹೆಸರು. ಅಲ್ಲಿ ಅವರು ತಪಾಸಣೆಯವರು. ತಟ್ಟೆಯನ್ನು ಎಡಗೈ ಬೆರಳ ತುದಿಯಲ್ಲಿ ನಿಲ್ಲಿಸಿ ಬಲಗೈ ಉಗುರಿನಿಂದ ಒಂದು ಏಟು ಕೊಡುತ್ತಾರೆ. 'ಟಣ್' ಅಂದರೆ ಪಾಸು. 'ಟಪ್' ಅಂದರೆ ಒಳಗೆಲ್ಲೋ ಸೀಳಿದೆ, ಎರಡನೇ ದರ್ಜೆ! ಪಾಸಾದ ತಟ್ಟೆಗೆ ಯಾರೂ ಭೇಷ್ ಅನ್ನೋದಿಲ್ಲ, ಸುಮ್ಮನೆ ಮುಂದಕ್ಕೆ ತಳ್ಳುತ್ತಾರೆ. ಸೀಳಿದ್ದಕ್ಕೆ ಮಾತ್ರ ಕೆಂಪು ಗುರುತು, ಜೊತೆಗೆ ನಾಲ್ಕು ಮಾತು. ಮೂವತ್ತು ವರ್ಷದ ಈ ಪದ್ಧತಿಯನ್ನು ಅವರು ಸಂಜೆ ಗೇಟಿನ ಹತ್ತಿರ ಬಿಟ್ಟು ಬಂದಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಮನೆಗೇ ತಂದುಬಿಟ್ಟರು!

ಹೆಂಡತಿ ಅದಕ್ಕೆ ಒಗ್ಗಿಹೋಗಿದ್ದರು. ಔಷಧಿ ಅಂಗಡಿಯಲ್ಲಿ ನಿಂತು ದಿನವಿಡೀ ಡಾಕ್ಟರುಗಳ ಕೈಬರಹ ಓದುವ ಹೆಂಗಸಿಗೆ ಗಂಡನ ಮುಖ ಓದೋದು ಯಾವ ಮಹಾ ವಿದ್ಯೆ? ಒಗ್ಗದೇ ಇದ್ದವಳು ಮಗಳು. ಹಾಡುಗಾರರ ಕಾರ್ಯಕ್ರಮಗಳಲ್ಲಿ ಲೈಟಿನ ಕೆಲಸಕ್ಕೆ ಸೇರಿಕೊಂಡಳು. ಯಾವ ಲೈಟು, ಅಲ್ಲಿ ಏನು ಮಾಡ್ತೀಯ ಅಂತ ಅಪ್ಪ ಕೇಳಲಿಲ್ಲ. "ವೈರು ಎಳೆಯೋಕೆ ಇಷ್ಟು ಓದಬೇಕಿತ್ತಾ?" ಅಂದರು. ನಾಲ್ಕು ತಿಂಗಳ ಹಿಂದೆ ಅವಳು ಊರಿಗೆ ಬಂದಾಗ, ದೊಡ್ಡ ಮೈದಾನದ ವೇದಿಕೆಯ ಫೋಟೋ ಒಂದನ್ನು ಚೌಕಟ್ಟು ಹಾಕಿಸಿ ಅಪ್ಪನ ಕೈಗೆ ಕೊಟ್ಟಳು. ಟಣ್ಣಪ್ಪನವರು ಅದನ್ನು ದೂರ ಹಿಡಿದು, ಹತ್ತಿರ ಹಿಡಿದು, "ಚೌಕಟ್ಟು ಎಡಗಡೆ ಸ್ವಲ್ಪ ವಾಲಿದೆ" ಅಂದರು.

ಅಷ್ಟೇ. ಅವತ್ತಿನಿಂದ ಫೋನು ಬಂದರೆ ಅಮ್ಮನಿಗೆ ಮಾತ್ರ. 'ಅಪ್ಪ ಹೇಗಿದ್ದಾರೆ' ಅನ್ನೋ ಮಾತೂ ಇಲ್ಲ. ಟಣ್ಣಪ್ಪನವರು ಪಕ್ಕದಲ್ಲೇ ಪೇಪರ್ ಹಿಡಿದು ಕೂತಿರುತ್ತಿದ್ದರು, ಪುಟ ಮಾತ್ರ ತಿರುಗುತ್ತಿರಲಿಲ್ಲ.

ಹೀಗಿರುವಾಗ ಒಬ್ಬ ಹೆಸರಾಂತ ಪಾಪ್ ಗಾಯಕಿಯ ಕಾರ್ಯಕ್ರಮದ ಸಾಕ್ಷ್ಯಚಿತ್ರ ಈ ಭಾನುವಾರ ನಾಲ್ಕಕ್ಕೆ ಟೀವಿಯಲ್ಲಿ ಬರುವುದಿತ್ತು. ಮಗಳು ಕೆಲಸ ಮಾಡಿದ ಕಾರ್ಯಕ್ರಮ ಅದು. "ನೋಡಿ ಮುಗಿಸಿ, ಆರೂವರೆಗೆ ಫೋನ್ ಮಾಡ್ತೀನಿ. ಅಪ್ಪನಿಗೆ ಕೊಡಮ್ಮ," ಅಂದಿದ್ದಳು.

"ರೀ, ಒಂದು ಒಳ್ಳೇ ಮಾತು," ಹೆಂಡತಿ ದಿಂಬನ್ನು ಎದೆಗೊತ್ತಿಕೊಂಡು ಹೇಳಿದರು. "ಹತ್ತು ಬೇಡ, ಒಂದು. ಇವತ್ತೂ ಚೌಕಟ್ಟು ವಾಲಿದೆ ಅಂದ್ರೆ ಅವಳು ಇನ್ಯಾವತ್ತೂ ನಿಮ್ಮನ್ನ ಕೇಳಲ್ಲ. ನನಗೆ ಭಯ ಆಗ್ತಿದೆ ರೀ."

ಟಣ್ಣಪ್ಪನವರಿಗೂ ಭಯವಾಗಿತ್ತು. ಆದರೆ ಗಂಡಸು ನೋಡಿ, ಒಪ್ಪಿಕೊಳ್ಳೋದುಂಟೇ? ಒಂದು ಚೀಟಿಯಲ್ಲಿ 'ತುಂಬಾ ಚೆನ್ನಾಗಿತ್ತು ಮಗಳೇ' ಎಂದು ಬರೆದು ಜೇಬಿನಲ್ಲಿಟ್ಟುಕೊಂಡರು. ಆ ನಾಲಿಗೆಗೆ ಅಂಥ ವಾಕ್ಯದ ಅಭ್ಯಾಸವಿರಲಿಲ್ಲ, ಬರೆದುಕೊಂಡೇ ಓದಬೇಕಿತ್ತು!

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನಿಲ್ಲಿಸಿದರೆ ಅವರು ಟಣ್ಣಪ್ಪ ಹೇಗಾದಾರು? ಕೆಳಗಿನ ಮನೆಯ ಹಲ್ಲಿನ ಡಾಕ್ಟರನ್ನೂ ಎದುರು ಮನೆಯ ಟೀಚರಮ್ಮನನ್ನೂ "ನಮ್ಮ ಮಗಳು ಸಿನಿಮಾದಲ್ಲಿದ್ದಾಳೆ!" ಎಂದು ಕರೆದುಬಿಟ್ಟರು. ಬಂದವರಿಗೆ ಬಿಸ್ಕತ್ತು ಕೊಡಲು ಬೀರುವಿನ ಮೇಲಿಂದ ಆ ಆರು ತಟ್ಟೆಗಳು ಇಳಿದವು. ಇಪ್ಪತ್ತೈದು ವರ್ಷದ ಸೇವೆಗೆ ಕಾರ್ಖಾನೆಯವರು ಕೊಟ್ಟ ತಟ್ಟೆಗಳವು, ಆರೂ ಮೊದಲನೇ ದರ್ಜೆ. ಆ ಮನೆಯಲ್ಲಿ ಉಳಿದ ಪಾತ್ರೆಯೆಲ್ಲ ಕಾರ್ಖಾನೆ ಬೇಡ ಅಂತ ತಳ್ಳಿದ ಎರಡನೇ ದರ್ಜೆ ಮಾಲು.

ಪರದೆ ಎಳೆದು ಟೀವಿ ಹಾಕಿದರು. ಹುಡುಕಾಟ ಶುರುವಾಯಿತು! ಎಲ್ಲರೂ ಗಾಯಕಿಯನ್ನು ನೋಡುತ್ತಿದ್ದರೆ ಟಣ್ಣಪ್ಪನವರು ಅವಳ ಹಿಂದಿನ ಕತ್ತಲನ್ನು ನೋಡುತ್ತಿದ್ದರು. ಕಪ್ಪು ಬಟ್ಟೆಯಲ್ಲಿ ಯಾರೋ ವೈರು ಹೊತ್ತು ಸುಳಿದರೆ ಸಾಕು, "ಅಗೋ, ಅವಳೇ!" ಅನ್ನುತ್ತಿದ್ದರು.

"ಅದಕ್ಕೆ ಮೀಸೆ ಇದೆಯಲ್ಲ ಸಾರ್," ಅಂದರು ಡಾಕ್ಟರು.

ಅರ್ಧ ಗಂಟೆ ಕಳೆಯಿತು, ಮಗಳು ಕಾಣಲಿಲ್ಲ. ಆದರೆ ಪ್ರತಿಜ್ಞೆ ಮಾತ್ರ ಗಟ್ಟಿಯಾಗಿ ನಿಂತಿತ್ತು. ಗಾಯಕಿ ಉದ್ದನೆ ಅಂಗಿ ತುಳಿದು ಮುಗ್ಗರಿಸಿದಳು, ಇವರು ತುಟಿ ಕಚ್ಚಿದರು. ಡೋಲಿನವನು ಕೋಲು ಬೀಳಿಸಿದ, ಇವರು ಬಿಸ್ಕತ್ತು ಕಚ್ಚಿದರು. ಹೆಂಡತಿ ಓರೆಗಣ್ಣಿನಲ್ಲಿ ನೋಡಿ ಮೆಚ್ಚಿ ತಲೆಯಾಡಿಸಿದರು.

ಆಮೇಲೆ ಒಂದು ವಿಚಿತ್ರ ನಡೆಯಿತು. ಅಷ್ಟು ದೊಡ್ಡ ಮೈದಾನ ಪೂರ್ತಿ ಕತ್ತಲಾಯಿತು. ವಾದ್ಯವಿಲ್ಲ, ಕುಣಿತವಿಲ್ಲ. ಗಾಯಕಿ ಒಬ್ಬಳೇ ಬರಿಗಾಲಲ್ಲಿ ಮೆಲ್ಲಗೆ ಹಾಡುತ್ತಾ ನಡೆದಳು. ಮೇಲಿನಿಂದ ಬಿದ್ದ ಒಂದು ದುಂಡನೆಯ ಬೆಳಕು ಅವಳ ಜೊತೆಯಲ್ಲೇ ನಡೆಯಿತು. ಅವಳು ನಿಂತರೆ ನಿಂತಿತು, ಬಾಗಿದರೆ ಬಾಗಿತು. ಆಗತಾನೆ ನಡೆಯಲು ಕಲಿತ ಮಗುವಿನ ಬೆನ್ನ ಹಿಂದೆ ತಾಯಿ ಮುಟ್ಟದೆ ಕೈ ಚಾಚಿರುತ್ತಾಳಲ್ಲ, ಹಾಗೆ. ಟಣ್ಣಪ್ಪನವರ ಕಣ್ಣು ರೂಢಿಯಂತೆ ಆ ಬೆಳಕಿನ ಅಂಚಿಗೆ ಹೋಯಿತು. ಎಲ್ಲಾದರೂ ನಡುಗುತ್ತದಾ ಅಂತ ಕಾದರು. ನಡುಗಲಿಲ್ಲ. ಮುಂದಿನ ಹಾಡಿಗೂ ನಡುಗಲಿಲ್ಲ, ಅದರ ಮುಂದಿನದಕ್ಕೂ ಇಲ್ಲ. ಮಗಳನ್ನು ಹುಡುಕೋದನ್ನೂ ಮರೆತು ಅವರು ಅದನ್ನೇ ನೋಡುತ್ತಾ ಕೂತರು. ಎದೆಯೊಳಗೆ ಏನೋ ತಣ್ಣಗಾಯಿತು, ಯಾಕೆ ಅಂತ ಅವರಿಗೇ ತಿಳಿಯಲಿಲ್ಲ.

ಕೊನೆಯ ಹಾಡು ಬಂತು. ಟಣ್ಣಪ್ಪನವರು ಬಿಸ್ಕತ್ತು ಖಾಲಿಯಾದ ಆರು ತಟ್ಟೆಗಳನ್ನೂ ಒಂದರ ಮೇಲೊಂದಿಟ್ಟು ತೊಡೆಯ ಮೇಲೆ ಹಿಡಿದುಕೊಂಡಿದ್ದರು. ಆಗ ಗಾಯಕಿ ಇದ್ದಕ್ಕಿದ್ದಂತೆ ಎಡಕ್ಕೆ ತಿರುಗಿದಳು, ಬೆಳಕು ನೇರ ಹೋಗಿಬಿಟ್ಟಿತು! ಎರಡೇ ಸೆಕೆಂಡು. ಇಲ್ಲಿ ಬರೀ ನೆಲಕ್ಕೆ ಬೆಳಕು, ಅಲ್ಲಿ ಗಾಯಕಿ ಕತ್ತಲಲ್ಲಿ.

ಟಪ್!

ಮೂವತ್ತು ವರ್ಷದ ಅಭ್ಯಾಸ ಸ್ಪ್ರಿಂಗಿನ ಹಾಗೆ ಚಿಮ್ಮಿತು. ಟಣ್ಣಪ್ಪನವರು ಎದ್ದು ನಿಂತರು. "ಯಾವನಯ್ಯ ಅವನು ಕುರುಡ? ಕಿತ್ತಾಕ್ರಿ ಅವನನ್ನ ಕೆಲಸದಿಂದ!"

ಅವರು ಎದ್ದರು, ತಟ್ಟೆಗಳು ಬಿದ್ದವು. ಮೊದಲನೇ ದರ್ಜೆಯ ಆರೂ ಮೊದಲನೇ ಏಟಿಗೇ ಚೂರಾದವು!

ಹೆಂಡತಿ ಕೈಯಲ್ಲಿದ್ದ ಲೋಟವನ್ನು ಮೆಲ್ಲಗೆ ಕೆಳಗಿಟ್ಟು ಗಂಡನ ಮುಖವನ್ನೇ ನೋಡಿದರು. ತಟ್ಟೆ ಹೋಗಿದ್ದಕ್ಕೆ ಸಿಟ್ಟು ಅಂದುಕೊಂಡ ಟಣ್ಣಪ್ಪನವರು ಮಂಡಿಯೂರಿ, ಜೇಬಿನಲ್ಲಿ ಸಿಕ್ಕಿದ ಕಾಗದದಲ್ಲಿ ಚೂರು ಬಾಚತೊಡಗಿದರು. ಅರ್ಧ ಚೂರು ಸೋಫಾದ ಕೆಳಗೆ ಹೋಗಿತ್ತು, ಇವರೂ ತಲೆ ತೂರಿಸಿದರು. ಅಷ್ಟರಲ್ಲಿ ಚಿತ್ರ ಮುಗಿದು ಹೆಸರುಗಳು ಓಡತೊಡಗಿದವು.

"ಬಂತು! ನಿಮ್ಮ ಮಗಳ ಹೆಸರು ಬಂತು!" ಟೀಚರಮ್ಮ ಕೂಗಿದರು. "ಒಬ್ಬಳದೇ ಹೆಸರು ಸಾರ್! 'ಗಾಯಕಿಯ ಮೇಲೆ ದೀಪ ಹಿಡಿದವರು...'"

ಅಷ್ಟು ಓದಿದ ಟೀಚರಮ್ಮ ಬಾಯಿಗೆ ಸೆರಗು ಒತ್ತಿಕೊಂಡರು.

"ಎಲ್ಲಿ? ಎಲ್ಲಿ?" ಟಣ್ಣಪ್ಪನವರ ತಲೆ ಸೋಫಾದ ಮರಕ್ಕೆ ಢಣಾರೆಂದು ಬಡಿಯಿತು. ಹೊರಗೆ ಬರುವ ಹೊತ್ತಿಗೆ ಟೀವಿಯಲ್ಲಿ ಯಾವುದೋ ಮೊಸಳೆಯ ಕಥೆ ಶುರುವಾಗಿತ್ತು. "ಏನಂತ ಇತ್ತು? ಸರಿಯಾಗಿ ಕೇಳಿಸಲಿಲ್ಲ."

ಡಾಕ್ಟರಿಗೆ ತಕ್ಷಣ ಯಾರದೋ ಹಲ್ಲು ನೆನಪಾಯಿತು. ಟೀಚರಮ್ಮನಿಗೆ ಒಲೆಯ ಮೇಲಿನ ಹಾಲು ನೆನಪಾಯಿತು. ಇಬ್ಬರೂ ಚಪ್ಪಲಿ ಮೆಟ್ಟಿದ್ದೇ ಗೊತ್ತು!

"ಏನಂತ ಇತ್ತೇ?"

"ಮಗಳನ್ನೇ ಕೇಳಿ. ಕೇಳಿದ್ರೆ ತಾನೇ ಗೊತ್ತಾಗೋದು?" ಅಂದರು ಹೆಂಡತಿ. ಫೋನು ಹೊಡೆದುಕೊಳ್ಳುತ್ತಿತ್ತು.

"ಅಪ್ಪಾ... ನೋಡಿದ್ರಾ?"

ಟಣ್ಣಪ್ಪನವರು ಜೇಬು ತಡಕಿದರು. ಚೀಟಿ ಇರಲಿಲ್ಲ. ಚೂರು ಬಾಚಿ ಬುಟ್ಟಿಗೆ ಹಾಕಿದ್ದು ಅದರಲ್ಲೇ!

"ನೋಡಿದೆ. ಆದ್ರೆ ನೀನೇ ಕಾಣ್ಲಿಲ್ವಲ್ಲಮ್ಮ."

"ನಾನು ಕಾಣ್ಬಾರ್ದು ಅಪ್ಪಾ, ಅದೇ ನನ್ನ ಕೆಲಸ. ಅವರ ಜೊತೆ ಹೋಗುತ್ತಲ್ಲ ದುಂಡನೆ ಬೆಳಕು, ಅದು ನನ್ನ ಕೈಲಿರೋದು. ಕೊನೇ ಹಾಡಲ್ಲಿ ಒಂದು ಕಡೆ ಕತ್ತಲಾಯ್ತಲ್ಲ, ಅದೂ ನಂದೇ. ಆ ತುಂಡು ಕತ್ತರಿಸೋಣ ಅಂತಿದ್ರು ಚಿತ್ರ ಮಾಡಿದವರು. ಆ ಗಾಯಕೀನೇ ಬೇಡ ಅಂದ್ರು ಅಪ್ಪಾ. ದೀಪದ ಹಿಂದೆ ಒಂದು ಜೀವ ಇದೆ ಅಂತ ಜನಕ್ಕೆ ಗೊತ್ತಾಗೋದು ಅಲ್ಲೊಂದೇ ಕಡೆ ಅಂದ್ರು."

ಟಣ್ಣಪ್ಪನವರ ಮೋರೆ ಇಂಗು ತಿಂದ ಮಂಗನ ಹಾಗಾಯಿತು. ಹೆಂಡತಿಗೆ ಕನಿಕರ ಹುಟ್ಟಿತು, ಪಕ್ಕದಿಂದಲೇ ಗಟ್ಟಿಯಾಗಿ ಹೇಳಿದರು, "ಅದನ್ನ ನೋಡಿ ನಿಮ್ಮಪ್ಪ ಎದ್ದೇ ನಿಂತುಬಿಟ್ರು ಕಣೇ!"

ಸುಳ್ಳೇನಲ್ಲ!

"ಹೌದಾ ಅಪ್ಪಾ? ಎದ್ದು ನಿಂತು ಏನಂದ್ರಿ?" ಮಗಳ ದನಿ ಚಿಕ್ಕಂದಿನ ದನಿಯಾಗಿತ್ತು.

ಭೇಷ್ ಅಂದೆ ಅಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಸೀಳಿದ ತಟ್ಟೆಯನ್ನು ಗಟ್ಟಿ ಅಂತ ದಾಟಿಸಿ ಗೊತ್ತಿದ್ದರೆ ತಾನೇ?

"ಯಾವನಯ್ಯ ಅವನು ಕುರುಡ, ಕೆಲಸದಿಂದ ಕಿತ್ತಾಕಿ ಅಂದೆ."

ಹೆಂಡತಿ ಹಣೆ ಹಣೆ ಚಚ್ಚಿಕೊಂಡರು.

"ತಡಿ, ಫೋನ್ ಇಡಬೇಡ ಪುಟ್ಟೀ!" ಟಣ್ಣಪ್ಪನವರ ದನಿ ಒಡೆಯಿತು. "ನಿಂದು ಅಂತ ಗೊತ್ತಿಲ್ಲದೇನೇ ಆ ಬೆಳಕನ್ನ ಗಂಟೆಗಟ್ಟಲೆ ನೋಡಿದೀನಿ. ತಪ್ಪು ಸಿಗುತ್ತೆ ಅಂತಲೇ ನೋಡ್ದೆ. ಅಂಚು ಒಂದ್ಸಲನಾದ್ರೂ ನಡುಗಬೇಕಲ್ಲ! ಮೂವತ್ತು ವರ್ಷದಲ್ಲಿ ಅಂಥ ತಟ್ಟೆ ನನ್ನ ಕೈಗೆ ಬಂದಿಲ್ಲ ಮಗಳೇ. ಟಣ್ ಅಂತು. ಅವತ್ತೇ ಕೇಳ್ಬೇಕಿತ್ತು ನಿನ್ನ, ನೀನು ಅಲ್ಲಿ ಏನು ಮಾಡ್ತೀಯ ಅಂತ. ಕೇಳ್ಲಿಲ್ಲ. ತಪ್ಪು ನಂದು."

ಆ ಕಡೆಯಿಂದ ಮೂಗು ಒರೆಸಿಕೊಳ್ಳುವ ಸದ್ದು ಬಂತು. ಆಮೇಲೆ, "ಕುರುಡ ಅಲ್ಲಪ್ಪಾ, ಕುರುಡಿ. ಬೈಯೋದಾದ್ರೂ ತಪ್ಪಿಲ್ಲದೆ ಬೈಯಿರಿ!" ಎಂದು ಮಗಳು ನಕ್ಕಳು. ಆ ನಗು ಕೇಳಿ ನಾಲ್ಕು ತಿಂಗಳಾಗಿತ್ತು.

ಫೋನಿಟ್ಟು, ಕಣ್ಣೊರೆಸಿಕೊಂಡು, ಟಣ್ಣಪ್ಪನವರು ಮತ್ತೆ ಎದೆಯುಬ್ಬಿಸಿದರು. "ಕೇಳಿಸ್ಕೊಂಡ್ಯಾ? ನೀನು ಒಂದು ಒಳ್ಳೇ ಮಾತು ಕೇಳಿದ್ದೆ, ನಾನು ಮೂರು ಹೇಳ್ದೆ!"

ಹೆಂಡತಿ ಹತ್ತಿರ ಬಂದರು. ಎಡಗೈಯಿಂದ ಗಂಡನ ಗಲ್ಲ ಎತ್ತಿ ಹಿಡಿದು, ಬಲಗೈ ಉಗುರಿನಿಂದ ಅವರ ಹಣೆಗೆ ಒಂದು ಏಟು ಕೊಟ್ಟು, ಕಿವಿ ಹತ್ತಿರ ತಂದು ಕೇಳಿದರು.

"ಏನಂತು?" ಎಂದರು ಟಣ್ಣಪ್ಪನವರು, ಉಸಿರು ಬಿಗಿಹಿಡಿದು.

"ಟಪ್."

"ಹಾಗಾದ್ರೆ?"

"ಎರಡನೇ ದರ್ಜೆ. ಏನ್ಮಾಡೋದು, ಮನೇಲಿದ್ದ ಆರು ಒಳ್ಳೇವನ್ನೂ ನೀವೇ ಒಡೆದುಹಾಕಿದ್ರಿ. ಇನ್ನು ಇದರಲ್ಲೇ ಸಂಸಾರ ಮಾಡ್ಬೇಕು!"