ಪರವಾಗಿಲ್ಲ ಎಂದವರ ಪಟ್ಟಿ

೧೯೬೨ನೇ ಇಸವಿ, ಜುಲೈ ಒಂಬತ್ತು, ಸೋಮವಾರ. ನನ್ನ ಡೈರಿಯ ಆ ಪುಟದಲ್ಲಿ ಹೀಗಿದೆ: "ಇಂದಿನಿಂದ ಸರ್ವೆ ಕೆಲಸ. ಛತ್ರಿ, ಎರಡು ಪೆನ್ಸಿಲ್, ನಲವತ್ತು ಫಾರಂ. ಫಾರಮಿನ ಕನ್ನಡವನ್ನು ನಾನೇ ಎರಡು ಸಲ ಓದಬೇಕಾಯಿತು." ನಾನು ಬಿ.ಎ. ಮಾಡಿದವಳು, ಅದೂ ಕನ್ನಡ ತೆಗೆದುಕೊಂಡು. ಜನರ ಅಭಿಪ್ರಾಯ ಕೇಳಲು ಹೊರಡುವವರಿಗೆ ಜನರ ಮಾತೊಂದು ಬಿಟ್ಟು ಮಿಕ್ಕೆಲ್ಲ ಗೊತ್ತಿರುತ್ತದೆ. ಆಗಲೂ ಹಾಗೇ ಇತ್ತು. ಈಗಲೂ ಫಾರಂ ಹಿಡಿದು ಬಾಗಿಲು ತಟ್ಟುವವರನ್ನು ನೋಡಿದರೆ ಹಾಗೇ ಅನ್ನಿಸುತ್ತದೆ.

ಸಿದ್ದಾಪುರಕ್ಕೂ ಜಯನಗರಕ್ಕೂ ನಡುವೆ ಒಂದು ಜಾಗ ಖಾಲಿ ಬಿದ್ದಿತ್ತು. ಅಲ್ಲಿ ಹುಡುಗಿಯರ ಹೈಸ್ಕೂಲು ಬೇಕೇ ಬೇಡವೇ ಎಂದು ಮನೆಮನೆಗೆ ಹೋಗಿ ಕೇಳಬೇಕು. ಪ್ರಶ್ನೆಗಳನ್ನು ಎಲ್ಲೋ ದೂರದಲ್ಲಿ ಯಾರೋ ಇಂಗ್ಲಿಷಿನಲ್ಲಿ ಬರೆದಿದ್ದರು. ಅದನ್ನು ಕನ್ನಡಕ್ಕೆ ಇಳಿಸಿದವರು ಕಚೇರಿಯ ಪಂಡಿತರು. ನಮಗೆ ಅಪ್ಪಣೆ ಎರಡೇ. ಫಾರಮಿನಲ್ಲಿ ಇದ್ದುದನ್ನು ಒಂದಕ್ಷರ ಬಿಡದೆ ಓದಬೇಕು. ಹೇಳಿದ್ದನ್ನು ಒಂದಕ್ಷರ ಬದಲಿಸದೆ ಬರೆಯಬೇಕು. ಎರಡನ್ನೂ ನನ್ನಷ್ಟು ನಿಷ್ಠೆಯಿಂದ ಇನ್ನಾರೂ ಪಾಲಿಸಲಿಲ್ಲ.

ಉದ್ಯೋಗ

ಸಿದ್ದಾಪುರದಲ್ಲಿ ಮೊದಲ ಮನೆ ನಮಗೆ ಹಾಲು ಕೊಡುತ್ತಿದ್ದಾಕೆಯದು. ಅವರ ಹೊಲ ಜಯನಗರದ ಸೈಟುಗಳಾಗಿ ಹೋದ ಮೇಲೆ ಮೂರು ಎಮ್ಮೆ ಉಳಿದಿದ್ದವು. ಮಗಳು ಮಿಡ್ಲ್‌ಸ್ಕೂಲಿನ ಕೊನೆಯ ವರ್ಷದಲ್ಲಿದ್ದಳು. ನಮ್ಮ ಮನೆಗೆ ಹಾಲು ತಂದಾಗಲೆಲ್ಲ ಬಾಗಿಲಲ್ಲೇ ನಿಂತು ಪೇಪರು ಓದಿ ಮುಗಿಸಿ, ಆಮೇಲೆ ಪಾತ್ರೆ ತೆಗೆದುಕೊಂಡು ಹೋಗುವ ಹುಡುಗಿ.

"ತಾವು ಉದ್ಯೋಗಸ್ಥರೆ, ನಿರುದ್ಯೋಗಿಯೆ?" ಎಂದು ಕೊಟ್ಟಿಗೆಯಲ್ಲೇ ನಿಂತು ಓದಿದೆ.

"ನಮ್ಗೆಲ್ಲಿ ಬಂತು ಉದ್ಯೋಗ ಅಕ್ಕಾವ್ರೆ. ಇದು ಇವತ್ತು ಒದೀತಾ ಐತೆ, ಒಸಿ ಬಾಲ ಹಿಡ್ಕಳಿ."

ಹಿಡಿದುಕೊಂಡೆ. ಆಕೆ ಮೂರು ಎಮ್ಮೆ ಕರೆದಳು, ಸಗಣಿ ಬಾಚಿದಳು, ನಡುವೆ ಒಳಗೆ ಓಡಿ ಮುದ್ದೆ ತೊಳಸಿ ಬಂದಳು.

"ಯಜಮಾನರು?"

"ಅವ್ರು ಉದ್ಯೋಗಸ್ತ್ರು ಅಂತ ಬರ್ಕಳಿ. ಜಗಲಿ ಮೇಲೆ ಕೂತವ್ರಲ್ಲ."

ಬರೆದುಕೊಂಡೆ. ಫಾರಮಿನ ಪ್ರಕಾರ ಆ ಕೊಟ್ಟಿಗೆಯಲ್ಲಿ ಕೆಲಸ ಮಾಡುತ್ತಿದ್ದವಳು ನಾನೊಬ್ಬಳೇ, ಬಾಲ ಹಿಡಿದವಳು.

ಹದಿನಾಲ್ಕಕ್ಕೆ ಹೋಗಿ

ಜಯನಗರದ ಎರಡನೇ ಬ್ಲಾಕಿನಲ್ಲಿ ರಿಟೈರಾದ ಗುಮಾಸ್ತರೊಬ್ಬರಿದ್ದರು. ಅವರ ಮುಂದೆ ಕೂತು ಓದಿದೆ: "ಮನೆಯಲ್ಲಿ ಓದುವ ವಯಸ್ಸಿನ ಹೆಣ್ಣುಮಕ್ಕಳಿದ್ದಾರೆಯೆ? ಇಲ್ಲವಾದಲ್ಲಿ ಹದಿನಾಲ್ಕಕ್ಕೆ ಹೋಗಿ."

ಎರಡನೆಯ ವಾಕ್ಯ ನನಗೆ ಹೇಳಿದ್ದು, ಹದಿನಾಲ್ಕನೆಯ ಪ್ರಶ್ನೆಗೆ ಹೋಗು ಎಂದು. ಅಪ್ಪಣೆ ಅಪ್ಪಣೆಯೇ, ಅದನ್ನೂ ಓದಿದ್ದೆ.

"ಹೆಣ್ಣುಮಕ್ಕಳಿಲ್ಲ," ಎಂದರು. "ಆದ್ರೆ ಹದಿನಾಲ್ಕಕ್ಕೆ ಮಾತ್ರ ನಾನು ಹೋಗಲ್ಲ."

"ಯಾಕೆ ಸಾರ್?"

"ಪಕ್ಕದ ಮನೆಯವರು ಕಾಂಪೌಂಡು ಅರ್ಧ ಅಡಿ ನಮ್ಮ ಸೈಟಿನೊಳಗೆ ಹಾಕಿದಾರೆ. ಎರಡು ವರ್ಷದಿಂದ ಮಾತಿಲ್ಲ. ಬೇಕಿದ್ರೆ ಹದಿನಾಲ್ಕರವರೇ ಇಲ್ಲಿಗೆ ಬರಲಿ."

ಪ್ರೌಢಶಾಲೆ

ಹೈಸ್ಕೂಲು ಎಂದರೆ ಸಿದ್ದಾಪುರದ ಎಮ್ಮೆಗೂ ಅರ್ಥವಾಗುತ್ತಿತ್ತು. ಪಂಡಿತರು "ಬಾಲಿಕೆಯರ ಪ್ರೌಢಶಾಲೆ" ಎಂದು ಬರೆದಿದ್ದರು. ಹಾಲಿನಾಕೆಯ ಬೀದಿಯಲ್ಲೇ ಒಬ್ಬ ಅಜ್ಜಿ ಅಕ್ಕಿ ಆರಿಸುತ್ತಾ ಕೇಳಿಸಿಕೊಂಡರು.

"ಪ್ರೌಢಳಾದೋರ್ಗೆ ಶಾಲೇನಾ? ಮೈನೆರೆದೋರ್ನ ಅಲ್ಲಿ ಕೂರಿಸ್ತಾರಾ?"

"ಕೂರಿಸ್ತಾರೆ ಅಜ್ಜಿ." ಶಾಲೆಯಲ್ಲಿ ಕೂರಿಸುವುದು ಸುಳ್ಳೇನಲ್ಲವಲ್ಲ. ವಿವರಿಸಿ ಹೇಳಲು ಅಪ್ಪಣೆ ಇರಲಿಲ್ಲ.

"ಒಳ್ಳೇದಾಯ್ತು ಬಿಡು, ಮನೇಲಿ ಜಾಗ ಇಲ್ಲ. ಎಷ್ಟು ದಿನ ಕೂರಿಸ್ತಾರೆ?"

"ಮೂರು ವರ್ಷ."

ಅಜ್ಜಿ ಮೊರ ಕೆಳಗಿಟ್ಟರು. "ಮೂರು ವರ್ಷಾನಾ? ನಮ್ಮ ಕಾಲ್ದಾಗೆ ಮೂರೇ ದಿನ ಇತ್ತು ಕಣವ್ವ." ಮತ್ತೆ ಮೊರ ಎತ್ತಿಕೊಂಡು, "ಇರ್ಲಿ, ಬೇಕು ಅಂತ ಬರ್ಕೋ," ಎಂದರು.

ಕೊನೆಯ ಗೆರೆ

ಶಾಲೆಯ ಬಗ್ಗೆ ನಿಲುವೇನು ಎಂಬುದು ಕೊನೆಯ ಪ್ರಶ್ನೆ. ಉತ್ತರಕ್ಕೆ ಬಿಟ್ಟಿದ್ದ ಗೆರೆ ಹೆಬ್ಬೆರಳಷ್ಟು ಉದ್ದ. ಒಂದು ಪದ ಹಿಡಿಸುತ್ತಿತ್ತು.

ಹಾಲಿನಾಕೆಯ ಗಂಡ ಜಗಲಿಯಿಂದಲೇ ಹೇಳಿದ್ದರು: "ಪರವಾಗಿಲ್ಲ ಅಕ್ಕಾವ್ರೆ. ಇಲ್ಲೇ ಆದ್ರೆ ಮಗೀನ ಕಳಿಸ್ತೀನಿ. ಬಸ್ ಹತ್ತಿಸಿ ಬಸವನಗುಡೀಗೆ ಕಳ್ಸೋ ಮಾತು ಮಾತ್ರ ಬೇಡ." ಹುಡುಗಿ ಬಾಗಿಲ ಹಿಂದೆ ನಿಂತು ನನ್ನ ಪೆನ್ಸಿಲನ್ನೇ ನೋಡುತ್ತಿದ್ದಳು. ನಾನು ಗೆರೆಯ ಮೇಲೆ ದುಂಡಗೆ "ಪರವಾಗಿಲ್ಲ" ಎಂದು ಬರೆದೆ. ಮುಂದಿನ ಮನೆಯಲ್ಲೂ ಅದೇ, ಅದರ ಮುಂದಿನದರಲ್ಲೂ ಅದೇ. ನಮ್ಮ ಕಡೆ ಯಾರೂ ಯಾವುದನ್ನೂ ಬಾಯಿಬಿಟ್ಟು ಹೊಗಳುವುದಿಲ್ಲ. ಎರಡು ಸಲ ಪಾಯಸ ಹಾಕಿಸಿಕೊಂಡು ಉಂಡ ಮದುವೆಯೂ ಪರವಾಗಿಲ್ಲವೇ.

ದೀಪಾವಳಿ ಕಳೆದ ಮೇಲೆ ವರದಿ ಬಂತು. "ಸಿದ್ದಾಪುರದ ಬಹುತೇಕ ಮನೆಗಳವರು ಶಾಲೆಯ ಪರವಾಗಿಲ್ಲ" ಎಂದಿತ್ತು. ಪರ ಇದ್ದವರ ಕಾಲಮಿನಲ್ಲಿ ಬೆರಳೆಣಿಕೆಯ ಮನೆಗಳು. ಅವುಗಳಲ್ಲಿ ಒಂದು ಅಜ್ಜಿಯದು.

ಡೈರಿ ಹಿಡಿದು ಕಚೇರಿಗೆ ಹೋದೆ. ಪಂಡಿತರು ನನ್ನ ಫಾರಂ ತೆಗೆದು, ಅಕ್ಷರ ಮುತ್ತಿನಂತಿದೆ ಎಂದು ಮೊದಲು ಹೊಗಳಿದರು. ಆಮೇಲೆ, "ನೀವೇ ಬರೆದಿದ್ದೀರಲ್ಲ ತಾಯಿ. ಪರವಾಗಿ, ಇಲ್ಲ. ಪರವಾಗಿಲ್ಲ. ಲೋಪಸಂಧಿ," ಎಂದರು.

"ಅವರು ಆಗಬಹುದು ಅಂದದ್ದು ಸಾರ್."

"ಆಗಬಹುದು ಅಂತ ಬರೆದಿಲ್ಲವಲ್ಲ."

ಅಷ್ಟರಲ್ಲಿ ಜವಾನ ಕಾಫಿ ತಂದಿಟ್ಟ. ಪಂಡಿತರು ಒಂದು ಗುಟುಕು ಕುಡಿದರು.

"ಕಾಫಿ ಹೇಗಿದೆ ಸಾರ್?" ಎಂದೆ.

"ಪರವಾಗಿಲ್ಲ."

"ಹಾಗಾದರೆ ಎತ್ತಿಕೊಂಡು ಹೋಗಪ್ಪ," ಎಂದು ಜವಾನನಿಗೆ ಹೇಳಿದೆ. "ಸಾಹೇಬರು ಕಾಫಿಗೆ ವಿರೋಧ."

ಜವಾನ ಲೋಟಕ್ಕೆ ಕೈ ಹಾಕಿದ. ಪಂಡಿತರು ಎರಡೂ ಕೈಯಲ್ಲಿ ಲೋಟ ಹಿಡಿದುಕೊಂಡು, "ಕಾಫಿ ಬೇರೆ, ವರದಿ ಬೇರೆ ತಾಯಿ," ಎಂದರು. "ಅದು ಮೇಲಕ್ಕೆ ಹೋಗಿಯಾಯ್ತು." ಕೊನೆಯ ತೊಟ್ಟಿನವರೆಗೂ ಕುಡಿದರು.

ಆದದ್ದು ಇಷ್ಟು. ಶಾಲೆ ಬೇರೊಂದು ಬಡಾವಣೆಗೆ ಹೋಯಿತು. ನಾನು ಹೋಗಿದ್ದ ಮೂರು ಬೀದಿಗಳಲ್ಲಿ ಆ ವರ್ಷ ಮಿಡ್ಲ್‌ಸ್ಕೂಲು ಮುಗಿಸಿದ ಹುಡುಗಿಯರು ಒಂಬತ್ತು ಜನ. ಇಬ್ಬರು ಬಸ್ಸು ಹತ್ತಿದರು. ಏಳು ಜನ ಮನೆಯಲ್ಲಿ ಉಳಿದರು. ಅವರ ಹೆಸರುಗಳನ್ನು ಡೈರಿಯಲ್ಲಿ ಬರೆದಿಟ್ಟಿದ್ದೇನೆ, ಅದೇ ದುಂಡಕ್ಷರದಲ್ಲಿ. ಹಾಲಿನಾಕೆಯ ಮಗಳ ಪಾಲಿಗೆ ಮುಂದಿನ ಜೂನ್‌ನಿಂದ ಮೂರು ಎಮ್ಮೆ ಬಂದವು. ಪೇಪರು ಓದಲು ಅವಳಿಗೆ ಹೊತ್ತು ಸಿಗುತ್ತಿರಲಿಲ್ಲ. ಫಾರಮಿನ ಪ್ರಕಾರ ಅವಳು ನಿರುದ್ಯೋಗಿ.