ಜಿರಾಫೆಯ ನಾಲಿಗೆ

ಪೂರ್ತಿ ಟಿಕೆಟ್ಟಿಗೆ ನಾಲ್ಕು ಪ್ಯಾಂಟು, ಅರ್ಧ ಟಿಕೆಟ್ಟಿಗೆ ಎರಡು. ಬಾಡಿಗೆ ವ್ಯಾನಿಗೆ ಹತ್ತು. ದೊಡ್ಡ ಬಂಡಿ ಹತ್ತಬೇಕೆಂದರೆ ಬೇರೆ ಟೋಕನ್, ತಲೆಗೆ ಮೂರು ಪ್ಯಾಂಟು. ದರ್ಜಿ ಯಾವ ಖರ್ಚನ್ನೂ ದುಡ್ಡಿನಲ್ಲಿ ಲೆಕ್ಕ ಹಾಕಿದವನಲ್ಲ. ಎಷ್ಟು ಪ್ಯಾಂಟು ಹೊಲಿದರೆ ತೀರುತ್ತದೆ ಎಂದು ನೋಡುತ್ತಿದ್ದ. ಮನೆಮಂದಿಯನ್ನೆಲ್ಲ ಒಂದು ದಿನ ಥೀಮ್ ಪಾರ್ಕಿಗೆ ಕರೆದೊಯ್ಯುವುದೆಂದರೆ ಒಂದು ಶಾಲೆಯ ಮಕ್ಕಳಿಗೆ ಸಮವಸ್ತ್ರ ಹೊಲಿದಷ್ಟು ಕೆಲಸ.

ಆದರೂ ಹೋಗಲೇಬೇಕಿತ್ತು. ಕಾರಣ ಆ ದೊಡ್ಡ ಬಂಡಿ, ರೋಲರ್ ಕೋಸ್ಟರ್. ಅಂಗಡಿಯ ಹಿಂದಿನ ಕಿಟಕಿಯಲ್ಲಿ ಅದು ಕಾಣುತ್ತಿತ್ತು. ಸೂಜಿಗೆ ದಾರ ಪೋಣಿಸಲು ಬೆಳಕಿಗೆ ಹಿಡಿದಾಗಲೆಲ್ಲ ಅವನ ಕಣ್ಣು ಸೂಜಿಯ ತೂತು ದಾಟಿ, ಊರಾಚೆಯ ಆ ಕಬ್ಬಿಣದ ಬೆಟ್ಟಕ್ಕೆ ಹೋಗುತ್ತಿತ್ತು. ಬಂಡಿ ಇರುವೆ ಸಾಲಿನಂತೆ ಏರುತ್ತಿತ್ತು. ತುದಿಯಲ್ಲಿ ಏನೋ ಮರೆತುಬಂದವರಂತೆ ಒಂದು ಕ್ಷಣ ನಿಲ್ಲುತ್ತಿತ್ತು. ಆಮೇಲೆ ಇಲ್ಲವೇ ಆಗುತ್ತಿತ್ತು. ಕಿರುಚಾಟ ಮಾತ್ರ ತಡವಾಗಿ ಬಂದು ಕಿಟಕಿಯ ಸರಳು ತಟ್ಟುತ್ತಿತ್ತು. ಎಂಟು ವರ್ಷದಿಂದ ದರ್ಜಿ ಅದನ್ನು ಬಾಯಿ ತೆರೆದು ನೋಡುತ್ತಿದ್ದ. ಬಾಯಲ್ಲಿ ಕಚ್ಚಿಕೊಂಡ ಗುಂಡುಪಿನ್ನು ಎಷ್ಟೋ ಸಲ ಉದುರಿ, ಹಿಂದೆ ಕೂತು ಗುಂಡಿಗೆ ಕಾಜಾ ಹೊಲಿಯುವ ಅಮ್ಮನೇ ಹೆಕ್ಕಿ ಕೊಟ್ಟಿದ್ದಳು.

ಐವತ್ತು ಮುಟ್ಟುತ್ತಿರುವ ಗಂಡಸು ‘ನಂಗೆ ಅದನ್ನ ಹತ್ತಬೇಕು’ ಎಂದು ಯಾವ ಬಾಯಲ್ಲಿ ಹೇಳಬೇಕು? ಆಸೆಯನ್ನು ಏಳು ವರ್ಷದ ಮಗಳ ಹೆಗಲಿಗೆ ಹೊರಿಸಿದ.

“ಪುಟ್ಟಿ ಬಹಳ ಆಸೆ ಪಡ್ತಿದಾಳೆ ಕಣೇ. ಮಗು ಒಂದನ್ನೇ ಕಳ್ಸೋಕಾಗತ್ತಾ? ನಾನೂ ಪಕ್ಕದಲ್ಲಿ ಕೂರ್ಬೇಕಾಗತ್ತೆ, ಏನ್ಮಾಡೋದು,” ಎಂದು ಹೆಂಡತಿಯ ಮುಂದೆ ನಿಟ್ಟುಸಿರಿಟ್ಟ. ಪುಟ್ಟಿಗೆ ಆಸೆ ಹುಟ್ಟಿದ್ದು ಈ ಮಾತು ಕಿವಿಗೆ ಬಿದ್ದ ಮೇಲೆ.

ಹೊರಡುವ ಹಿಂದಿನ ಸಂಜೆ, ಬಟ್ಟೆ ಕತ್ತರಿಸುವ ಮೇಜಿನ ಸುತ್ತ ಸಭೆ ಸೇರಿತು.

“ಶೌಚಾಲಯ ಎಷ್ಟು ದೂರ, ಅದು ಮೊದ್ಲು ಹೇಳಿ ಅಳಿಯಂದ್ರೇ,” ಎಂದರು ಮಾವ.

“ಒಬ್ರು ಆಕಾಶದಲ್ಲಿ, ಒಬ್ರು ನೀರಲ್ಲಿ ಇದ್ರೆ ನಾನು ಬುತ್ತಿ ಹಿಡ್ಕೊಂಡು ಯಾರ ಹಿಂದೆ ಓಡ್ಲಿ?” ಎಂದಳು ಹೆಂಡತಿ.

“ನಂಗೇನೂ ಬೇಡಪ್ಪ, ನೆರಳಲ್ಲಿ ಒಂದು ಬೆಂಚು ಇದ್ರೆ ಸಾಕು,” ಎಂದಳು ಅಮ್ಮ. “ಹಾಂ, ಈ ಕನ್ನಡಕಕ್ಕೆ ಒಂದು ಎಲಾಸ್ಟಿಕ್ ಪಟ್ಟಿ ಹೊಲ್ಕೊಡು. ಬಿದ್ದುಗಿದ್ದು ಹೋದೀತು.”

ವಯಸ್ಸಾದವರ ಭಯ ಎಂದುಕೊಂಡು ದರ್ಜಿ ಹೊಲಿದುಕೊಟ್ಟ.

ಅಷ್ಟರಲ್ಲಿ ಎದುರಿನ ಕಟಿಂಗ್ ಶಾಪಿನವನು, ಕರೆಯದೆ, ಅರ್ಧ ಗಡ್ಡ ಕೆರೆದ ಗಿರಾಕಿಯನ್ನು ಕುರ್ಚಿಯಲ್ಲೇ ಬಿಟ್ಟು ಬಂದ. “ಮಾಸ್ಟ್ರೇ, ಮಗು ನಾಲ್ಕಡಿ ಇರ್ಬೇಕು. ಇಲ್ಲಾಂದ್ರೆ ಹತ್ತಿಸಲ್ಲ. ಏಳು ಸಲ ಹೋಗ್ಬಂದೋನು ನಾನು. ಆ ಬಂಡಿ ನಂಗೆ ತೊಟ್ಲು ಇದ್ದ ಹಾಗೆ. ವ್ಯಾನಲ್ಲಿ ಒಂದು ಸೀಟು ಖಾಲಿ ಇದೆಯಂತಲ್ಲ? ದಾರಿ ತೋರ್ಸೋಕೆ ಬರ್ತೀನಿ ಬಿಡಿ.”

ದಾರಿ ಕಿಟಕಿಯಿಂದಲೇ ಕಾಣುತ್ತಿತ್ತು. ಆದರೆ ಕತ್ತಿ ಹಿಡಿದವನಿಗೆ ಯಾರು ಬೇಡ ಎನ್ನುತ್ತಾರೆ?

ದರ್ಜಿ ಪುಟ್ಟಿಯನ್ನು ಬಾಗಿಲಿಗೆ ಆನಿಸಿ ನಿಲ್ಲಿಸಿದ. ಅವನ ಅಳತೆಯೆಂದರೆ ಬೀದಿಗೆ ಬೀದಿಯೇ ಕಣ್ಣು ಮುಚ್ಚಿ ನಂಬುತ್ತಿತ್ತು. ಅವನು ಹೊಲಿದ ಅಂಗಿ ಮಕ್ಕಳಿಗೆ ಎರಡು ವರ್ಷ ಬರುತ್ತಿತ್ತು. ಮೊದಲ ವರ್ಷ ತೋಳು ಮಡಚಿಕೊಂಡು ಓಡಾಡಬೇಕಿತ್ತು, ಅಷ್ಟೇ. ಟೇಪು ಸರ್ರನೆ ಇಳಿಯಿತು.

“ನಾಲ್ಕಡಿ! ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ.”

ಮೂಲೆಯಲ್ಲಿ ಅಮ್ಮ ಒಮ್ಮೆ ಕೆಮ್ಮಿದಳು.

ಮರುದಿನ ಟಿಕೆಟ್ ಕೌಂಟರಿನ ಹುಡುಗಿ ಗಾಜಿನಾಚೆಯಿಂದ ಇಣುಕಿ, “ಮಗು ಚಿಕ್ಕದಿದೆ, ನಾಲ್ಕಡಿ ಒಳಗಾದ್ರೆ ಅರ್ಧ ಟಿಕೆಟ್ ಸಾಕು, ನೋಡಿ ಸಾರ್,” ಎಂದಳು.

“ಅಮ್ಮಾ ತಾಯೀ, ಮೂವತ್ತು ವರ್ಷದಿಂದ ಟೇಪು ಹಿಡಿದ ಕೈ ಇದು. ಪೂರ್ತಿ ಕೊಡು. ಜೊತೆಗೆ ದೊಡ್ಡ ಬಂಡಿಗೆ ಎರಡು ಟೋಕನ್.”

ಎಲ್ಲರೂ ಬಂಡಿಯ ಬುಡಕ್ಕೆ ಬಂದರು. ಕಿಟಕಿಯಲ್ಲಿ ನೂಲಿನ ಎಳೆಯಂತೆ ಕಂಡದ್ದು ಇಲ್ಲಿ ತಬ್ಬಿದರೆ ತೋಳಿಗೆ ಸಿಗದ ಉಕ್ಕಿನ ಕಂಬ. ಕತ್ತೆತ್ತಿದರೆ ಕಂಬದ ಮೇಲೆ ಕಂಬ, ಅದರ ಮೇಲೆ ಹಳಿ, ಹಳಿಯ ಮೇಲೆ ಮೋಡ. ಬಂಡಿ ತಲೆಯ ಮೇಲಿಂದ ಹಾದಾಗ ನೆಲ ಹೊಲಿಗೆ ಯಂತ್ರದ ಹಲಗೆಯಂತೆ ನಡುಗಿತು. ದಾರಿಯುದ್ದಕ್ಕೂ ಬೆನ್ನುನೋವು ಹಾಡಿಕೊಂಡು ಬಂದಿದ್ದ ಮಾವ ನೆಟ್ಟಗೆ ನಿಂತು, “ಮನುಷ್ಯರು ಮಾಡಿದ್ದೇನ್ರೀ ಇದು?” ಎಂದರು. ಶೌಚಾಲಯದ ಮಾತನ್ನೇ ಎತ್ತಲಿಲ್ಲ. ಅಮ್ಮ ಎತ್ತಿದ ಕತ್ತು ಇಳಿಸಲಿಲ್ಲ. ದರ್ಜಿ ಜೇಬಿನ ಎರಡೂ ಟೋಕನ್ ಮತ್ತೆ ಮತ್ತೆ ಮುಟ್ಟಿ ನೋಡಿಕೊಂಡ.

ಬಾಗಿಲಲ್ಲಿ ಕಾವಲುಗಾರನ ಪಕ್ಕ ಒಂದು ಮರದ ಜಿರಾಫೆ ನಾಲಿಗೆ ಚಾಚಿ ನಿಂತಿತ್ತು. ನಾಲಿಗೆಗೆ ತಲೆ ತಾಗಿದ ಮಕ್ಕಳು ಒಳಗೆ, ತಾಗದವರು ಹೊರಗೆ. ಪುಟ್ಟಿ ಎದೆಯುಬ್ಬಿಸಿ ನಿಂತಳು. ತಲೆಗೂ ನಾಲಿಗೆಗೂ ನಡುವೆ ಗಾಳಿ ಆರಾಮಾಗಿ ಓಡಾಡುತ್ತಿತ್ತು.

“ಎರಡು ಇಂಚು ಕಮ್ಮಿ,” ಎಂದ ಕಾವಲುಗಾರ.

“ನಿಮ್ಮ ಜಿರಾಫೆ ಸರಿ ಇಲ್ಲ!”

“ಎಂಟು ವರ್ಷದಿಂದ ಇಲ್ಲೇ ನಿಂತಿದೆ ಸಾರ್. ಅದೇನೂ ಬೆಳೆದಿಲ್ಲ.”

ದರ್ಜಿ ಜೇಬಿನಿಂದ ಟೇಪು ಎಳೆದ. ಸಾಲಿನಲ್ಲಿ ನಿಂತವರೆಲ್ಲ ನೋಡುತ್ತಿದ್ದಂತೆ ಅಳೆದು, “ನೋಡಿ, ನಾಲ್ಕಡಿ!” ಎಂದು ಗೆದ್ದವನಂತೆ ಕೂಗಿದ.

ಪುಟ್ಟಿ ಕಣ್ಣು ಮೇಲೆತ್ತಿ ನೋಡಿದಳು. “ಅಪ್ಪಾ, ಅಲ್ಲಿ ನಾನಿಲ್ಲ. ನಾನು ಕೆಳಗಿದೀನಿ.”

ಟೇಪಿನ ತುದಿ ಹಿಡಿದ ಬೆರಳುಗಳು ಮಗುವಿನ ತಲೆಗಿಂತ ಎರಡು ಇಂಚು ಮೇಲೆ, ಬರೀ ಗಾಳಿಯಲ್ಲಿ ನಿಂತಿದ್ದವು. ಬೆಳೆಯುವ ಮಕ್ಕಳಿಗೆ ಎರಡು ಇಂಚು ಬಿಟ್ಟೇ ಅಳೆಯುವುದು ಅವನ ರೂಢಿ. ಅದು ಕೈಗೆ ನೆನಪಿತ್ತು, ಅವನಿಗೆ ಮರೆತುಹೋಗಿತ್ತು.

“ಇರಿ ಮಾಸ್ಟ್ರೇ, ಕೂದಲು ನನ್ನ ಕೈಗೆ ಬಿಡಿ,” ಎಂದು ಕಟಿಂಗ್ ಶಾಪಿನವನು ಮುಂದೆ ಬಂದು, ಪುಟ್ಟಿಯ ನೆತ್ತಿಯ ಮೇಲೆ ಗೋಪುರದಂಥ ಗಂಟು ಕಟ್ಟಿದ. ಗಂಟು ನಾಲಿಗೆ ಮುಟ್ಟಿತು. ಕಾವಲುಗಾರ ಅಂಗೈಯಿಂದ ಒತ್ತಿದ. ಗಂಟು ಹಳೇ ದಿಂಬಿನಂತೆ ಕೂತಿತು. ಹೆಂಡತಿ ಬುತ್ತಿಯ ಬಟ್ಟೆ ಬಿಚ್ಚಿ ಮಗುವಿನ ಬೂಟಿಗೆ ತುರುಕಿದಳು. ಪುಟ್ಟಿ ಒಂದು ಹೆಜ್ಜೆ ಇಟ್ಟು, ಮುಗ್ಗರಿಸಿ, ಜಿರಾಫೆಯನ್ನೇ ತಬ್ಬಿಕೊಂಡಳು. ಹಿಂದಿನವರು ಗಲಾಟೆ ಶುರು ಮಾಡಿದರು.

“ಟೋಕನ್ ವಾಪಸ್ ತಗೊಳಪ್ಪ ಹಾಗಾದ್ರೆ.”

“ವಾಪಸ್ ಇಲ್ಲ ಸಾರ್. ಮಗು ಇಲ್ಲೇ ಇರ್ಲಿ, ನೀವು ಹೋಗ್ಬನ್ನಿ.”

ದರ್ಜಿಯ ಕಾಲು ಅವನನ್ನು ಕೇಳದೆ ಒಂದು ಹೆಜ್ಜೆ ಮುಂದಿಟ್ಟೇಬಿಟ್ಟಿತು. ಪುಟ್ಟಿ ಅಂಗಿಯ ಅಂಚು ಹಿಡಿದಳು.

“ನಂಗೋಸ್ಕರ ತಾನೇ ನೀನು ಹೋಗ್ತೀನಿ ಅಂದಿದ್ದು? ಈಗ್ಯಾಕೆ ಹೋಗ್ತೀಯ?”

ಹೆಂಡತಿ ನೋಡಿದಳು. ಮಾವ ನೋಡಿದರು. ಕಾವಲುಗಾರನೂ ನೋಡಿದ. ದರ್ಜಿಗಂತೂ ಜಿರಾಫೆಯೂ ನೋಡಿದಂತಾಯಿತು.

“ಇಲ್ಲ ಪುಟ್ಟಿ, ನಂಗ್ಯಾಕೆ ಅದೆಲ್ಲ,” ಎಂದು ದರ್ಜಿ ಇಟ್ಟ ಹೆಜ್ಜೆಯನ್ನು ಹಿಂದಕ್ಕೆ ತೆಗೆದುಕೊಂಡ.

“ಟೋಕನ್ ಸುಮ್ನೆ ಹಾಳಾಗೋದಾದ್ರೆ ಇಲ್ಲಿ ಕೊಡು,” ಎಂದಿತು ಹಿಂದಿನಿಂದ ಒಂದು ದನಿ. ಅಮ್ಮ. ಕನ್ನಡಕದ ಪಟ್ಟಿಯನ್ನು ಆಗಲೇ ತಲೆಯ ಹಿಂದಕ್ಕೆ ಬಿಗಿದಾಗಿತ್ತು.

“ಅಮ್ಮಾ! ನಿಂಗೆ ಎಪ್ಪತ್ತೆರಡು!”

“ಜಿರಾಫೆ ವಯಸ್ಸು ಕೇಳ್ತದೇನೋ?” ನೆಟ್ಟಗೆ ಹೋಗಿ ನಿಂತಳು. ನಾಲಿಗೆ ಅವಳ ಭುಜಕ್ಕೆ ಬಂತು.

“ಬಿಪಿ ಗಿಪಿ ಇದೆಯಾ ಅಜ್ಜಿ?” ಎಂದ ಕಾವಲುಗಾರ.

“ನಂಗಿಲ್ಲಪ್ಪ. ನನ್ನ ಮಗನಿಗಿದೆ.” ಅಮ್ಮ ಕಟಿಂಗ್ ಶಾಪಿನವನ ಕಡೆ ತಿರುಗಿದಳು. “ಏಳು ಸಲ ಹೋಗ್ಬಂದೋನು ನೀನಿದೀಯಲ್ಲ, ಬಾ ಜೊತೆಗೆ.”

ಅವನ ಮುಖ ಅವನದೇ ಸೋಪಿನ ನೊರೆಯಂತಾಯಿತು. ಆದರೆ ಏಳು ಸಲದವನು ಎಂಟನೆಯ ಸಲಕ್ಕೆ ಒಲ್ಲೆ ಎನ್ನುವುದು ಹೇಗೆ?

ಬಂಡಿ ಏರಿತು. ದರ್ಜಿ ಪುಟ್ಟಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ನೋಡಿದ. ಅಮ್ಮ ಮೊದಲು ಅಂಗೈಯಷ್ಟಾದಳು, ಆಮೇಲೆ ಬೆರಳಷ್ಟು, ಆಮೇಲೆ ಸಾಸಿವೆ ಕಾಳು. ತುದಿಯಲ್ಲಿ ಬಂಡಿ ನಿಂತಿತು. ಸಾಸಿವೆ ಕಾಳು ಎರಡೂ ಕೈ ಆಕಾಶಕ್ಕೆತ್ತಿತು. ಆಮೇಲೆ ಬಂಡಿ ಇಲ್ಲವಾಯಿತು.

ಇಳಿದ ಮೇಲೆ ಕಟಿಂಗ್ ಶಾಪಿನವನನ್ನು ಇಬ್ಬರು ಹಿಡಿದು ತರಬೇಕಾಯಿತು. “ಮೊದ್ಲನೇ ಸಲ ಮಾಸ್ಟ್ರೇ... ಇದೇ ಮೊದ್ಲು...” ಎನ್ನುತ್ತಲೇ ಮಾವ ಕೂತಿದ್ದ ಬೆಂಚಿನ ಮೇಲೆ ಒದ್ದೆ ಟವೆಲ್ಲಿನಂತೆ ಮಡಚಿಕೊಂಡು ಬಿದ್ದ. ಅಮ್ಮ ನಡೆದೇ ಬಂದಳು. ಕೂದಲು ಬಿಡಿಸಿದ ಹತ್ತಿಯಂತೆ ಎದ್ದು ನಿಂತಿತ್ತು. ಆ ಮುಖದಲ್ಲಿ ದರ್ಜಿ ಎಂದೂ ಕಾಣದ ಹುಡುಗಿಯೊಬ್ಬಳು ನಗುತ್ತಿದ್ದಳು.

“ತುದೀಲಿ ನಿಲ್ತದಲ್ಲ, ಆಗ ಸದ್ದೇ ಇಲ್ಲ ಕಣೋ. ಊರನ್ನೆಲ್ಲ ಯಾರೋ ಇಸ್ತ್ರಿ ಮಾಡಿ ಹಾಸಿದ ಹಾಗಿದೆ. ನಮ್ಮ ಅಂಗಡಿ ಕಿಟಕೀನೂ ಕಾಣ್ತು. ಅಂಗಿ ಗುಂಡಿಯಷ್ಟಿದೆ.”

“ನೀನೂ ಆ ಕಿಟಕೀಲಿ ನೋಡ್ತಿದ್ಯಾ?”

“ದಿನಾ ನಿನ್ನ ಹಿಂದೇನೇ ಕೂತಿರ್ತೀನಲ್ಲ. ನಿನ್ನ ತಲೆ ಅಡ್ಡ ಬರ್ತಿತ್ತು, ಅಷ್ಟೇ.” ಅಮ್ಮ ಕನ್ನಡಕ ತೆಗೆದು ಒರೆಸಿದಳು. “ನಿನ್ನೆ ಟೇಪು ಮೇಲೆ ಹಿಡಿದಾಗ್ಲೇ ಗೊತ್ತಾಯ್ತು ನಂಗೆ. ಆ ಎರಡು ಇಂಚು ಬಿಡೋಕೆ ನಿಂಗೆ ಕಲಿಸಿದೋಳು ಯಾರು?”

“ಮತ್ತೆ ಆಗ್ಲೇ ಹೇಳ್ಬಾರ್ದಿತ್ತಾ ಅಮ್ಮ!”

“ಕೆಮ್ಮಿದ್ನಲ್ಲ. ನೀನು ತಿರುಗಿ ನೋಡ್ಲಿಲ್ಲ. ಎರಡನೇ ಸಲ ಕೆಮ್ಮೋಕೆ ಮನಸ್ಸು ಬರ್ಲಿಲ್ಲ.”

ಸಂಜೆ ವ್ಯಾನಿನಲ್ಲಿ, ನಿದ್ದೆ ಹೋದ ಪುಟ್ಟಿಯನ್ನು ತೊಡೆಯ ಮೇಲೆ ಹಾಕಿಕೊಂಡು, ದರ್ಜಿ ಲೆಕ್ಕ ಮಾಡಿದ. ಹೋದದ್ದು: ಪುಟ್ಟಿಯ ಟಿಕೆಟ್ಟಿನಲ್ಲಿ ಎರಡು ಪ್ಯಾಂಟು, ಟೋಕನ್ನಿನಲ್ಲಿ ಆರು, ಮತ್ತು ಆ ಬಂಡಿ. ಬಂದದ್ದು: ತುದಿಯಿಂದ ನೋಡಿದರೆ ತನ್ನ ಅಂಗಡಿಯ ಕಿಟಕಿ ಅಂಗಿ ಗುಂಡಿಯಷ್ಟು ಕಾಣುತ್ತದೆ ಎಂಬ ಸುದ್ದಿ. ಅದೂ ಅವನು ಕಂಡದ್ದಲ್ಲ, ಅಮ್ಮ ಹೇಳಿದ್ದು.